80 ಕಿ.ಮೀ. ಲೈನಿಗೆ ಡಿಸ್ಟೆನ್ಸ್ ರಿಲೇ ಸೆಟ್ ಮಾಡಿದ ಬಗೆ

ಹೊಸ ವಿದ್ಯುತ್ ಪ್ರಸರಣ ಲೈನು ಚಾರ್ಜ್ ಆಗುವ ಮುಂಚೆ ರಿಲೇ ಸೆಟ್ಟಿಂಗ್ ಲೆಕ್ಕ ಹಾಕಿ, ಟೆಸ್ಟ್ ಮಾಡಿ ಒಪ್ಪಿಸುವುದು ನನ್ನ ಕೆಲಸ. ಡಿಸ್ಟೆನ್ಸ್ ರಿಲೇ ಎಂದರೆ ಲೈನಿನ ವೋಲ್ಟೇಜ್, ಕರೆಂಟ್ ನೋಡಿ ಫಾಲ್ಟ್ (ಶಾರ್ಟ್ ಸರ್ಕ್ಯೂಟ್) ಎಷ್ಟು ದೂರದಲ್ಲಿದೆ ಎಂದು ಅಳೆದು, ಬ್ರೇಕರ್ ತೆರೆದು ಲೈನನ್ನು ಟ್ರಿಪ್ ಮಾಡಿಸುವ ಸಾಧನ. ಇಲ್ಲಿ ಹೇಳುತ್ತಿರುವುದು 220 ಕೆ.ವಿ.ಯ, 80 ಕಿ.ಮೀ. ಉದ್ದದ, ಜೀಬ್ರಾ ಎಂಬ ಬಗೆಯ ಕಂಡಕ್ಟರ್ (ತಂತಿ) ಎಳೆದ ಒಂದು ಲೈನಿನ ಬಗ್ಗೆ.

ಜೀಬ್ರಾದ ಇಂಪೆಡೆನ್ಸ್ (ಕರೆಂಟಿಗೆ ಒಡ್ಡುವ ಒಟ್ಟು ತಡೆ) ಕಿಲೋಮೀಟರಿಗೆ ಸುಮಾರು 0.406 ಓಂ, ಇಡೀ ಲೈನಿಗೆ 32.5 ಓಂ. ಆದರೆ ರಿಲೇಗೆ ಸಿಗುವುದು ಕರೆಂಟನ್ನೂ ವೋಲ್ಟೇಜನ್ನೂ ಅಳತೆಗೆ ಇಳಿಸಿಕೊಡುವ ಸಿ.ಟಿ., ಪಿ.ಟಿ. ಎಂಬ ಟ್ರಾನ್ಸ್‌ಫಾರ್ಮರುಗಳ ಸೆಕೆಂಡರಿ ಮಾತ್ರ. ಸಿ.ಟಿ. ಅನುಪಾತ 800, ಪಿ.ಟಿ.ಯದು 2000, ಭಾಗಿಸಿದರೆ 0.4. 32.5ನ್ನು ಇದರಿಂದ ಗುಣಿಸಿದರೆ, ರಿಲೇಯ ಲೆಕ್ಕದಲ್ಲಿ ಲೈನು ಅಂದರೆ 13 ಓಂ. ಫಾಲ್ಟ್ ಆದಾಗ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ 6.5 ಓಂ ಬಂದರೆ ಫಾಲ್ಟ್ 40ನೇ ಕಿಲೋಮೀಟರಿನ ಆಸುಪಾಸಿನಲ್ಲಿದೆ.

ರಿಲೇ ಕಾಯುವ ದೂರವನ್ನು ಜೋನ್‌ಗಳಾಗಿ ಹಂಚುತ್ತೇವೆ. ಜೋನ್ ಒಂದಕ್ಕೆ ಲೈನಿನ ಶೇ. 80, ಅಂದರೆ 10.4 ಓಂ; ತಡವಿಲ್ಲದೆ ಟ್ರಿಪ್. ಪೂರ್ತಿ ಲೈನಿಗೆ ಯಾಕೆ ಕೊಡಬಾರದು ಎಂದು ಹೊಸ ಎಂಜಿನಿಯರುಗಳು ಕೇಳುತ್ತಾರೆ. ಸಿ.ಟಿ., ಪಿ.ಟಿ., ಲೈನ್ ಡೇಟಾ ಎಲ್ಲದರಲ್ಲೂ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆಚೆ ಸಬ್‌ಸ್ಟೇಷನ್ನಿನ ಮುಂದಿನ ಲೈನಿನಲ್ಲಾದ ಫಾಲ್ಟಿಗೆ ನಮ್ಮ ಬ್ರೇಕರ್ ಬೀಳಕೂಡದು. ಉಳಿದ ಭಾಗಕ್ಕೆ ಜೋನ್ ಎರಡು: 15.6 ಓಂ, 0.35 ಸೆಕೆಂಡ್ ತಡ.

ನಾನು ಹೆಚ್ಚು ಹೊತ್ತು ಕೂತಿದ್ದು ಜೋನ್ ಮೂರರ ಮುಂದೆ. ಮುಂದಿನ ಉದ್ದದ ಲೈನನ್ನೂ ಕಾಯಬೇಕಾದ್ದರಿಂದ ಅದರ ರೀಚ್ (ಕಾಯುವ ದೂರ) 39 ಓಂವರೆಗೆ ಹೋಯಿತು. ಇಷ್ಟು ದೂರ ನೋಡುವ ರಿಲೇ ಲೋಡನ್ನೇ ಫಾಲ್ಟ್ ಎಂದು ತಿಳಿಯಬಹುದು. 2012ರ ಜುಲೈ 30ರಂದು 400 ಕೆ.ವಿ. ಬಿನಾ–ಗ್ವಾಲಿಯರ್ ಲೈನು ಫಾಲ್ಟ್ ಇಲ್ಲದೆಯೇ, ಭಾರಿ ಲೋಡಿನಿಂದ ಜೋನ್ ಮೂರರಲ್ಲಿ ಟ್ರಿಪ್ ಆಗಿ ಉತ್ತರದ ಗ್ರಿಡ್ಡೇ ಕುಸಿಯಿತು. ನಮ್ಮ ಲೈನಿನಲ್ಲಿ ಪೂರ್ಣ ವೋಲ್ಟೇಜಿಗೆ, 800 ಆಂಪಿಯರಿಗೆ ಕಾಣುವುದು 63.5 ಓಂ. ಕರೆಂಟ್ ಒಂದೂವರೆ ಪಟ್ಟಾಗಿ ವೋಲ್ಟೇಜ್ ಶೇ. 85ಕ್ಕೆ ಇಳಿದರೆ ಬರೀ 36 ಓಂ. ಲೋಡಿನ ಕೋನ (ವೋಲ್ಟೇಜ್, ಕರೆಂಟ್ ನಡುವಿನದು) 30 ಡಿಗ್ರಿ ಎಂದಿಟ್ಟರೆ ಅದರ ರೆಸಿಸ್ಟೆನ್ಸ್ ಭಾಗ 31 ಓಂ. ಅದಕ್ಕೇ ರೆಸಿಸ್ಟಿವ್ ರೀಚನ್ನು 25 ಓಂಗೆ ನಿಲ್ಲಿಸಿದೆ. ಈ ಲೆಕ್ಕ ಮಾಡದೆ ಹಳೆಯ ಶೀಟಿನಿಂದ ಜೋನ್ ಮೂರನ್ನು ನಕಲು ಮಾಡುವುದನ್ನು ನಾನು ಯಾವತ್ತೂ ಒಪ್ಪಿಲ್ಲ.

ಫೇಸ್ ನೆಲಕ್ಕೆ ತಾಗುವ ಅರ್ತ್ ಫಾಲ್ಟಿನಲ್ಲಿ ಕರೆಂಟ್ ನೆಲದಲ್ಲಿ ಹಿಂತಿರುಗುವುದರಿಂದ ಬರೀ ಭಾಗಾಕಾರ ಸಾಲದು. ಅದರ ತಿದ್ದುಪಡಿಗೆ ಕೆ-ನಾಟ್ ಎಂಬ ಅಂಕಿ ಬೇಕು. ಈ ಲೈನಿಗೆ ಸರಿಸುಮಾರು 0.78. ಟೆಸ್ಟ್ ಕಿಟ್ಟಿನಿಂದ ಆರ್ ಫೇಸಿಗೆ 2 ಆಂಪಿಯರ್, 35.6 ವೋಲ್ಟ್ ಕೊಟ್ಟೆ. 2ನ್ನು 10 ಓಂ ಮತ್ತು 1.78ರಿಂದ (1 ಕೂಡಿಸು ಕೆ-ನಾಟ್) ಗುಣಿಸಿದರೆ ಅಷ್ಟೇ ಬರುತ್ತದೆ. ರಿಲೇ ಕೂಡಲೇ ಜೋನ್ ಒಂದು ಎಂದು ತೋರಿಸಿ ಟ್ರಿಪ್ ಕೊಟ್ಟಿತು. ವೋಲ್ಟೇಜನ್ನು 39.2ಕ್ಕೆ ಏರಿಸಿದೆ, ಅಂದರೆ 11 ಓಂ. ಈಗ ಜೋನ್ ಎರಡು, ಟೈಮರ್ ಮುಗಿದ ಮೇಲೆ ಟ್ರಿಪ್. ವೈ, ಬಿ ಫೇಸುಗಳಿಗೂ ಹೀಗೇ ಮಾಡಿದೆ. ಒಂದು ಪಿ.ಟಿ. ಫ್ಯೂಸ್ ಕಿತ್ತು, ರಿಲೇ ಬ್ಲಾಕ್ ಆಗುತ್ತದೆಯೇ ಎಂದೂ ನೋಡಿಕೊಂಡೆ. ಬ್ಲಾಕ್ ಆಗದಿದ್ದರೆ, ವೋಲ್ಟೇಜ್ ಮಾಯವಾದಾಗ ರಿಲೇಗೆ ಇಂಪೆಡೆನ್ಸ್ ಸೊನ್ನೆ ಎಂದು ಕಂಡು, ಸುಮ್ಮನೆ ಲೈನು ಹೋಗುತ್ತದೆ.

ಕಿಟ್ ಎಷ್ಟೇ ಒಳ್ಳೆಯದಿದ್ದರೂ ಯಾರ್ಡಿನ ಸಿ.ಟಿ. ವಯರಿಂಗ್ ತಲೆಕೆಳಗಾಗಿದೆಯೇ ಎಂಬುದನ್ನು ಅದು ಹೇಳಲಾರದು. ಅದಕ್ಕೆ ಲೈನಿನ ಮೇಲೆ ಲೋಡ್ ಬರುವವರೆಗೂ ಪ್ಯಾನೆಲ್ ಬಿಟ್ಟು ಹೋಗಲಿಲ್ಲ. 300 ಆಂಪಿಯರ್ ಹರಿದಾಗ ಡಿಸ್‌ಪ್ಲೇಯಲ್ಲಿ 169 ಓಂ ಬಂತು. ಪವರ್ ನಮ್ಮಿಂದ ಹೊರಗೆ ಹೋಗುತ್ತಿತ್ತು, ಮೂರೂ ಫೇಸಿನಲ್ಲಿ ರೆಸಿಸ್ಟೆನ್ಸ್ ಪ್ಲಸ್. ಮೈನಸ್ ಇದ್ದಿದ್ದರೆ ರಿಲೇ ಲೈನನ್ನು ಬಿಟ್ಟು ಬೆನ್ನ ಹಿಂದಿನ ಬಸ್‌ಬಾರನ್ನು (ಸಬ್‌ಸ್ಟೇಷನ್ನಿನಲ್ಲಿ ಲೈನುಗಳು ಕೂಡುವ ಕಂಡಕ್ಟರ್) ಕಾಯುತ್ತಿತ್ತು. ರೀಡಿಂಗುಗಳನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ, ಟ್ರಿಪ್ ಲಿಂಕುಗಳನ್ನು ಇನ್ನೊಮ್ಮೆ ನೋಡಿ ಲೈನನ್ನು ಆಪರೇಟರಿಗೆ ಒಪ್ಪಿಸಿದೆ.