50 ಮೀಟರ್ ಈಜಿದರೆ ಸಾಕು ಅಂದುಕೊಂಡಿದ್ದೆ

ಆ ಹುಡುಗನಿಗೆ ಆಗ 8 ವರ್ಷ. 25 ಮೀಟರ್ ಪೂಲಿನಲ್ಲಿ ಸಲೀಸಾಗಿ ಹೋಗಿ ಬರುತ್ತಿದ್ದ, ನಾನೇ ಹತ್ತಾರು ಸಲ ನೋಡಿದ್ದೆ. ಅವತ್ತು ರೇಸಿನ ಅಭ್ಯಾಸಕ್ಕೆ ಅಂತ ಮೊದಲ ಸಲ ಆರು ಮಕ್ಕಳನ್ನು ಒಟ್ಟಿಗೆ ನೀರಿಗೆ ಬಿಟ್ಟೆ. ಅರ್ಧ ದಾರಿಯಲ್ಲಿ ಮುಂದಿದ್ದವನ ಕಾಲು ತಾಗಿ ಇವನ ಗಾಗಲ್ಸ್ ಕಿತ್ತು ಬಂತು. ಅಷ್ಟೇ. ಈಜು ನಿಂತುಹೋಯಿತು. ಮೈ ನೆಟ್ಟಗಾಯಿತು, ಬಾಯಿ ನೀರಿನ ಮಟ್ಟಕ್ಕೆ ಬಂತು, ಎರಡೂ ಕೈ ಏಣಿ ಹತ್ತುವವರ ಹಾಗೆ ನೀರನ್ನು ಕೆಳಕ್ಕೆ ಒತ್ತುತ್ತಿದ್ದವು. ಒಂದು ಸದ್ದಿಲ್ಲ. ಎರಡು ಮಾರು ದೂರದಲ್ಲಿದ್ದೆ, ಹಾರಿ ಎತ್ತಿಕೊಂಡೆ. ಅಂಚಿನಲ್ಲಿ ಕೂತಿದ್ದ ಅವರಮ್ಮ, "ಯಾಕೆ ಮೇಡಂ ನಿಲ್ಲಿಸಿದ್ರಿ, ಚೆನ್ನಾಗೇ ಹೋಗ್ತಿದ್ದನಲ್ಲ?" ಅಂದರು. ಅವರು ಮಗನನ್ನೇ ನೋಡುತ್ತಿದ್ದರು. ಆದರೂ ಗೊತ್ತಾಗಿರಲಿಲ್ಲ.

ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಅಂತ ಸಿನಿಮಾ ನೋಡಿ ನಂಬಿಬಿಟ್ಟಿದ್ದೇವೆ. ಉಸಿರಾಡೋಕೇ ಆಗದಿರುವಾಗ ಕೂಗೋಕೆ ಎಲ್ಲಾಗುತ್ತೆ? ನ್ಯೂಯಾರ್ಕಿನಲ್ಲಿ ಜೀವರಕ್ಷಕರಾಗಿದ್ದ ಫ್ರಾನ್ಸೆಸ್ಕೊ ಪಿಯಾ ಇದನ್ನೇ ಗಮನಿಸಿ ಹೇಳಿದ್ದು. ಹೀಗೆ ಒದ್ದಾಡುವವರು ನೀರಿನ ಮೇಲೆ ಇರೋದು 20ರಿಂದ 60 ಸೆಕೆಂಡ್ ಮಾತ್ರ. ಮಕ್ಕಳಾದರೆ ಇನ್ನೂ ಕಡಿಮೆ ಅಂತಲೇ ಲೆಕ್ಕ ಇಟ್ಟುಕೊಳ್ಳಬೇಕು.

ಮೈಸೂರಿನಲ್ಲಿ ವಾರಾಂತ್ಯಗಳಲ್ಲಿ 7ರಿಂದ 12 ವರ್ಷದ ಮಕ್ಕಳಿಗೆ ಟ್ರಯಥ್ಲಾನ್ ಹೇಳಿಕೊಡುತ್ತೇನೆ. ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಅವತ್ತಿನಿಂದ "ಎಷ್ಟು ಮೀಟರ್ ಈಜ್ತಾನೆ?" ಅಂತ ಕೇಳೋದನ್ನೇ ಬಿಟ್ಟೆ. ಅಮೆರಿಕದ ರೆಡ್ ಕ್ರಾಸ್‌ನವರು ಹೇಳುವ ಐದು ಕೆಲಸಗಳನ್ನು ಮಾಡಿಸುತ್ತೇನೆ. ತಲೆ ಮುಳುಗುವಷ್ಟು ಆಳಕ್ಕೆ ಇಳಿದು ಮೇಲೆ ಬರಬೇಕು, ಒಂದು ನಿಮಿಷ ತೇಲಬೇಕು, ಸುತ್ತ ತಿರುಗಿ ಎಲ್ಲಿಂದ ಹೊರಗೆ ಬರಬಹುದು ಅಂತ ಹುಡುಕಬೇಕು, ಅಲ್ಲಿಗೆ ಸುಮಾರು 25 ಮೀಟರ್ ಈಜಬೇಕು, ಏಣಿ ಮುಟ್ಟದೆ ಮೇಲೆ ಹತ್ತಬೇಕು. ಇದಕ್ಕೆ ನಾನು ಸೇರಿಸಿದ್ದು ಒಂದೇ: ಇಷ್ಟನ್ನೂ ಗಾಗಲ್ಸ್ ಇಲ್ಲದೆ ಮಾಡಬೇಕು.

ಇದರಲ್ಲಿ ಜಾಸ್ತಿ ಹೊತ್ತು ಹಿಡಿಯೋದು ತೇಲೋದು. ವೇಗವಾಗಿ ಈಜೋ ಮಕ್ಕಳಿಗೇ ಕಷ್ಟ, ಸುಮ್ನೆ ಇರೋದು ಅವರಿಗೆ ಅಭ್ಯಾಸವೇ ಇಲ್ಲ ನೋಡಿ. ಆ ಹುಡುಗನಿಗೆ ಮೂರು ವಾರ ಹಿಡಿಯಿತು. ತಲೆಯನ್ನು ನನ್ನ ಅಂಗೈ ಮೇಲೆ ಇಡಿಸಿಕೊಂಡು, ಕಿವಿ ನೀರಿನೊಳಗೆ ಹೋಗಲಿ ಪುಟ್ಟ, ಹೊಟ್ಟೆನ ಆಕಾಶಕ್ಕೆ ತೋರಿಸು ಅಂತ ಹೇಳುತ್ತಾ ಇದ್ದೆ. ಕಿವಿಗೆ ನೀರು ತಾಗಿದ ಕೂಡಲೇ ಕುತ್ತಿಗೆ ಬಿಗಿ ಮಾಡಿ ಎದ್ದುಬಿಡುತ್ತಿದ್ದ, ತಲೆ ಎದ್ದರೆ ಸೊಂಟ ಮುಳುಗುತ್ತೆ. ಮೂರನೇ ವಾರ ಕುತ್ತಿಗೆ ಸಡಿಲವಾದದ್ದು ನನ್ನ ಅಂಗೈಗೇ ಗೊತ್ತಾಯಿತು. ಒಂದೊಂದೇ ಬೆರಳು ತೆಗೆದೆ. ಕೊನೆಗೆ ಕೈಯನ್ನೇ ತೆಗೆದೆ, ಅವನಿಗೆ ತಿಳಿಯಲೇ ಇಲ್ಲ. ಮುಂದಿನ ಅಭ್ಯಾಸದಲ್ಲಿ ಬೇಕಂತಲೇ ಅವನ ಗಾಗಲ್ಸ್ ಎಳೆದೆ. ಪಟ್ಟನೆ ಅಂಗಾತ ಮಲಗಿ, ಎರಡು ಉಸಿರು ಎಳೆದುಕೊಂಡು, ಪೂಲಿನಲ್ಲಿ ಸಾಲು ಬೇರ್ಪಡಿಸೋಕೆ ಕಟ್ಟಿರುವ ತೇಲುವ ಹಗ್ಗದ ಕಡೆ ಹೊರಟ.

ಹಗ್ಗ ಹಿಡಿದರೆ ಮೋಸ ಅಂತ ಮಕ್ಕಳ ತಲೆಯಲ್ಲಿ ಕೂತಿರುತ್ತೆ. ದಯವಿಟ್ಟು ಅದನ್ನು ತೆಗೆಯಿರಿ. ಟ್ರಯಥ್ಲಾನ್ ನಿಯಮದಲ್ಲೇ ಯಾವ ಶೈಲಿಯಲ್ಲಿ ಬೇಕಾದರೂ ಈಜಬಹುದು, ತಳ ಸಿಕ್ಕರೆ ನಿಲ್ಲಬಹುದು, ದಾರಿಯ ಗುರುತಿಗೆ ನೀರಿನಲ್ಲಿ ತೇಲಿಬಿಟ್ಟ ಗುಂಡು (ಬೋಯ್) ಹಿಡಿದು ದಣಿವಾರಿಸಿಕೊಳ್ಳಬಹುದು. ಹಿಡಿದು ಎಳೆದುಕೊಂಡು ಮುಂದೆ ಹೋಗಬಾರದು, ಅಷ್ಟೇ. ಸಹಾಯ ಬೇಕಾದರೆ ಒಂದು ಕೈ ಮೇಲೆತ್ತು ಅಂತ ಹೇಳಿಕೊಡಿ. ಹಾಗಂತ ಕೈ ಎತ್ತಲಿ ಅಂತ ದೊಡ್ಡವರು ಕಾಯುತ್ತಾ ಕೂರೋದಲ್ಲ. ಎತ್ತೋಕೆ ಆಗದೇ ಇರಬಹುದು.

ಐದರಲ್ಲಿ ಒಂದು ಬರದಿದ್ದರೂ ಆ ಮಗುವಿಗೆ ನಮ್ಮಲ್ಲಿ ಟ್ರಯಥ್ಲಾನ್ ಇಲ್ಲ. ಓಟ, ಸೈಕಲ್, ಮತ್ತೆ ಓಟ ಇರುವ ಡ್ಯುಯಥ್ಲಾನ್ ಮಾಡಿಸುತ್ತೇನೆ, ಬೇರೆ ಮಕ್ಕಳ ಜೊತೆಗೇ, ಅದೇ ಮೆಡಲ್. "ಬರೀ 50 ಮೀಟರ್ ಅಲ್ವಾ ಮೇಡಂ, ಹೇಗೋ ದಾಟ್ತಾಳೆ ಬಿಡಿ" ಅಂತ ಒಬ್ಬ ತಂದೆ ಬೇಜಾರು ಮಾಡಿಕೊಂಡರು. ಹೇಗೋ ದಾಟೋದು ನನಗೆ ಬೇಡ. ಗಾಳಿ ತುಂಬಿದ ತೋಳುಪಟ್ಟಿಯನ್ನೂ ಬಿಡಿಸಿದ್ದೇನೆ, ಅದು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತೆ. ನಾವು ಬಿಡಿಸಬೇಕಾದ್ದೇ ಆ ಭಂಗಿ.

ಇನ್ನು ಕಾವಲು ಕಾಯುವ ವಿಷಯ. "ಎಲ್ಲರೂ ನೋಡ್ತಿದ್ದಾರೆ" ಅಂದರೆ ಯಾರೂ ನೋಡ್ತಿಲ್ಲ ಅಂತಲೇ ಅರ್ಥ. ಈಗ ಕೊರಳಿಗೆ ಸೀಟಿ ಹಾಕಿಕೊಂಡವರದ್ದೇ ಕಾವಲು. 15 ನಿಮಿಷಕ್ಕೊಮ್ಮೆ ಬದಲಾವಣೆ, ಫೋನ್ ಬ್ಯಾಗಿನಲ್ಲಿ, ಮುಂದಿನವರ ಕೈಗೆ ಸೀಟಿ ಕೊಡುವವರೆಗೆ ಮಾತೂ ಇಲ್ಲ. ಹೊಸಬರಾದರೆ ಕೈಗೆ ಸಿಗುವಷ್ಟು ಹತ್ತಿರ ನಾನೇ ನೀರಿನಲ್ಲಿರುತ್ತೇನೆ. ನೀಲಿ ಬಟ್ಟೆ ಬೇಡ ಅಂತ ಮೊದಲ ದಿನವೇ ಹೇಳುತ್ತೇನೆ. ಪೂಲಿನ ತಳದಲ್ಲಿ ನೀಲಿ ಕಾಣೋದೇ ಇಲ್ಲ, ಕಿತ್ತಳೆ ಎದ್ದು ಕಾಣುತ್ತೆ. ಉಸಿರು ಬಿಗಿಹಿಡಿಯುವ ಪಂದ್ಯ ಪೂರ್ತಿ ಬಂದ್. ಸಿಪಿಆರ್, ಅಂದರೆ ಉಸಿರು ನಿಂತವರಿಗೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತೋದನ್ನು ಕಲಿತಿದ್ದೇನೆ, ನೀರಿನಿಂದ ಎತ್ತಿದವರು ಉಸಿರಾಡದಿದ್ದರೆ ಮೊದಲು ಉಸಿರು ಕೊಡಬೇಕು, ಬರೀ ಎದೆ ಒತ್ತಿದರೆ ಸಾಲದು.

ಕೆರೆ, ಹೊಳೆಗೆ ನಮ್ಮ ಮಕ್ಕಳನ್ನು ಇಳಿಸುವುದಿಲ್ಲ. ಹೂಳು ತೆಗೆದ ಗುಂಡಿ ಮೇಲಿನಿಂದ ಕಾಣಲ್ಲ, ಕಾವೇರಿಯಲ್ಲಿ ಸುಳಿ ಬೇರೆ. ಆದರೆ ನನಗೆ ಇನ್ನೂ ಹೆಚ್ಚು ಭಯ ಇರೋದು ಕೃಷಿ ಹೊಂಡದ್ದು. ಪ್ಲಾಸ್ಟಿಕ್ ಹಾಸಿದ ಇಳಿಜಾರು, ನೀರು ಬಿದ್ದರೆ ಪಾಚಿ ಕಟ್ಟಿದ ಹಾಗೆ ಜಾರುತ್ತೆ, ಈಜು ಬಂದವರಿಗೂ ಹತ್ತೋಕಾಗಲ್ಲ. ಹಾಗಾಗಿ ಬೇಸಿಗೆ ರಜೆಗೆ ಮುಂಚಿನ ಕೊನೆಯ ಕ್ಲಾಸಿನಲ್ಲಿ ಪ್ರತಿ ಮಗುವನ್ನೂ ಕೇಳುತ್ತೇನೆ, ನಿಮ್ಮ ಅಜ್ಜನ ತೋಟದಲ್ಲಿ ಹೊಂಡ ಇದೆಯಾ ಅಂತ. ಇದ್ದರೆ ಅವತ್ತೇ ಆ ಅಜ್ಜನಿಗೆ ಫೋನ್ ಮಾಡಿಸಿ, ಸುತ್ತ ಬೇಲಿ ಹಾಕಿಸಿ, ಅಲ್ಲಿಯವರೆಗೆ ದಡದ ಗೂಟಕ್ಕೆ ಕಟ್ಟಿದ ಗಂಟು ಗಂಟಿನ ಹಗ್ಗವೊಂದನ್ನು ನೀರಿನವರೆಗೂ ಇಳಿಬಿಡಿ ಅಂತ ಹೇಳುತ್ತೇನೆ.