ಒಂದೂವರೆ ಟೆರಾಬೈಟ್ ಕ್ಲೌಡ್ ಸಂಗ್ರಹವನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡ ಬಗೆ

ನನ್ನ ಗೂಗಲ್ ಖಾತೆಯ ಕ್ಲೌಡ್‌ನಲ್ಲಿ, ಎಂದರೆ ಇಂಟರ್ನೆಟ್ ಮೂಲಕ ಬಳಸುವ ಸಂಗ್ರಹದಲ್ಲಿ, ಹನ್ನೆರಡು ವರ್ಷಗಳಿಂದ ಸೇರುತ್ತ ಬಂದ ಫೋಟೊ, ವಿಡಿಯೊ, ಸ್ಕ್ಯಾನ್ ಮಾಡಿದ ಕಾಗದಪತ್ರ ಮತ್ತು ಕೆಲಸದ ಕಡತಗಳು ಒಟ್ಟು 1.5 ಟೆರಾಬೈಟ್‌ನಷ್ಟಿದ್ದವು. ಅವೆಲ್ಲ ಅಲ್ಲಿ ಭದ್ರವಾಗಿವೆ ಎಂದುಕೊಂಡಿದ್ದ ನಾನು, ಒಮ್ಮೆ ಲ್ಯಾಪ್‌ಟಾಪಿನಲ್ಲಿ ಜಾಗ ಮಾಡಿಕೊಳ್ಳಲು ಹೋಗಿ ಹಳೆಯ ವಿಡಿಯೊಗಳ ಫೋಲ್ಡರ್ ಒಂದನ್ನು ಅಳಿಸಿಹಾಕಿದೆ. ಆ ಫೋಲ್ಡರ್ ಕ್ಲೌಡ್‌ನೊಂದಿಗೆ ಸಿಂಕ್ ಆಗುತ್ತಿದ್ದುದರಿಂದ ಅಲ್ಲಿಯೂ ಅಳಿಯಿತು, ಫೋನಿನಲ್ಲಿಯೂ ಕಾಣದಾಯಿತು. ಅಳಿಸಿದ ಕಡತಗಳು ಅನುಪಯುಕ್ತ ಬುಟ್ಟಿಯಲ್ಲಿ 30 ದಿನ ಇರುತ್ತವೆ. ನಾನು ಅದನ್ನು ಗಮನಿಸಿದ್ದು 26ನೆಯ ದಿನ. ಫೋಲ್ಡರ್ ಮರಳಿ ಸಿಕ್ಕಿತಾದರೂ, ಸಿಂಕ್ ಎಂಬುದು ಬ್ಯಾಕಪ್ ಅಲ್ಲ, ನಮ್ಮ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಗೂ ಮುಟ್ಟಿಸುವ ವ್ಯವಸ್ಥೆ ಎಂಬುದು ಅಂದು ಅರ್ಥವಾಯಿತು.

ಮೊದಲ ಪ್ರಯತ್ನದಲ್ಲಿ ನಾನು ಮಾಡಿದ್ದು ಯಾರಿಗಾದರೂ ಮೊದಲು ಹೊಳೆಯುವ ಕೆಲಸವನ್ನೇ. ಕಂಪ್ಯೂಟರಿನಲ್ಲಿ ಕಾಣುತ್ತಿದ್ದ ಕ್ಲೌಡ್ ಫೋಲ್ಡರನ್ನು ಎಳೆದು ಹಾರ್ಡ್ ಡಿಸ್ಕಿನ ಮೇಲೆ ಬಿಟ್ಟೆ. ಆದರೆ ಹಾಗೆ ಕಾಣುವ ಕಡತಗಳಲ್ಲಿ ಬಹುಪಾಲು ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಇರುವುದು ಅವುಗಳ ಹೆಸರು ಮತ್ತು ಗುರುತು ಮಾತ್ರ. ಪ್ರತಿ ಮಾಡಲು ಹೊರಟಾಗ ಒಂದೊಂದು ಕಡತವೂ ಮೊದಲು ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿಗೆ ಇಳಿದು, ಬಳಿಕ ಹೊರಗಿನ ಡಿಸ್ಕಿಗೆ ಹೋಗುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು 256 ಜಿಬಿ ಡಿಸ್ಕ್. ಅದು ಕೆಲವೇ ಗಂಟೆಗಳಲ್ಲಿ ತುಂಬಿ ದೋಷದ ಸಂದೇಶಗಳು ಬರತೊಡಗಿದಾಗ, ನಾನು ಬೇಸತ್ತು ಪ್ರತಿ ಬಾರಿಯೂ 'ಸ್ಕಿಪ್' ಒತ್ತುತ್ತ ಹೋದೆ. ಕೊನೆಗೆ ಯಾವುದು ಬಂದಿದೆ, ಯಾವುದು ಬಿಟ್ಟುಹೋಗಿದೆ ಎಂಬ ಲೆಕ್ಕವೇ ನನ್ನ ಬಳಿ ಉಳಿಯಲಿಲ್ಲ. ಬಂದವುಗಳಲ್ಲಿಯೂ ಆನ್‌ಲೈನಿನಲ್ಲೇ ಬರೆದಿದ್ದ ದಾಖಲೆಗಳನ್ನು ತೆರೆದು ನೋಡಿದರೆ, ಒಳಗೆ ಬರಹವಿರಲಿಲ್ಲ, ವೆಬ್ ವಿಳಾಸವೊಂದಷ್ಟೇ ಇತ್ತು. ಇಂಟರ್ನೆಟ್ ಇಲ್ಲದ ದಿನ ಅಂತಹ ಕಡತದಿಂದ ಯಾವ ಉಪಯೋಗವೂ ಇಲ್ಲ.

ಎರಡನೆಯ ಸಲ ಡಿಸ್ಕಿನಿಂದಲೇ ಆರಂಭಿಸಿದೆ. ಇರುವ ಸಂಗ್ರಹದ ಎರಡು ಪಟ್ಟಿಗಿಂತ ಹೆಚ್ಚಿರಲಿ ಎಂದು 4 ಟೆರಾಬೈಟ್‌ನದನ್ನು ಆರಿಸಿದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಅದು ಕಂಪ್ಯೂಟರಿನಲ್ಲಿ 3.63 ಎಂದು ಕಾಣುತ್ತದೆ, ಅದರಿಂದ ಗಾಬರಿಪಡಬೇಕಾಗಿಲ್ಲ. ಫಾರ್ಮ್ಯಾಟ್, ಎಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿ, ಆರಿಸುವಾಗ ಮಾತ್ರ ಯೋಚಿಸಬೇಕು. ಫ್ಯಾಟ್32ರಲ್ಲಿ 4 ಜಿಬಿಯಷ್ಟಾಗಲಿ, ಅದಕ್ಕಿಂತ ದೊಡ್ಡದಾಗಲಿ ಒಂದು ಕಡತ ಕೂರುವುದಿಲ್ಲವಾದ್ದರಿಂದ ಅದನ್ನು ಕೈಬಿಟ್ಟೆ. ಎಕ್ಸ್‌ಫ್ಯಾಟ್ ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ನಡೆಯುತ್ತದೆ, ಆದರೆ ಅದರಲ್ಲಿ ಜರ್ನಲಿಂಗ್, ಎಂದರೆ ಮಾಡಲಿರುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ವ್ಯವಸ್ಥೆ, ಇಲ್ಲ; ಬರೆಯುವ ನಡುವೆ ಕೇಬಲ್ ಕಳಚಿದರೆ ಹಾನಿಯಾಗುವ ಸಂಭವ ಹೆಚ್ಚು. ನನ್ನ ಬಳಿ ಇರುವುದು ವಿಂಡೋಸ್ ಮಾತ್ರ. ಹಾಗಾಗಿ ಜರ್ನಲಿಂಗ್ ಇರುವ ಎನ್‌ಟಿಎಫ್‌ಎಸ್ ಆರಿಸಿ, ವಿಂಡೋಸ್‌ನದೇ ಆದ ಬಿಟ್‌ಲಾಕರ್‌ನಿಂದ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದೆ, ಎಂದರೆ ಕೀ ಇಲ್ಲದವರು ಓದಲಾಗದಂತೆ ಮಾಡಿದೆ. ಪಾಸ್‌ವರ್ಡ್ ಮರೆತರೂ ಡಿಸ್ಕನ್ನು ತೆರೆಯಬಲ್ಲ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಮುದ್ರಿಸಿ ಡಿಸ್ಕಿನಿಂದ ಬೇರೆ ಕಡೆ ಇಟ್ಟಿದ್ದೇನೆ. ಆ ಕೀ ಕ್ಲೌಡ್‌ನಲ್ಲಷ್ಟೇ ಇದ್ದರೆ, ಕ್ಲೌಡ್ ಖಾತೆ ಕೈತಪ್ಪಿದ ದಿನ ಡಿಸ್ಕೂ ತೆರೆಯದು.

ಗೂಗಲ್ ಡ್ರೈವ್‌ನಲ್ಲಿದ್ದ 1,080 ಜಿಬಿ ಕಡತಗಳಿಗೆ ಆರ್‌ಕ್ಲೋನ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಬಳಸಿದೆ. ಅದು ಕ್ಲೌಡ್‌ನಿಂದ ನೇರವಾಗಿ ಹೊರಗಿನ ಡಿಸ್ಕಿಗೇ ಬರೆಯುತ್ತದೆ. ಅದರಲ್ಲಿ ಗುಂಡಿಗಳನ್ನು ಒತ್ತುವ ಬದಲು ಆದೇಶಗಳನ್ನು ಟೈಪ್ ಮಾಡಬೇಕಾಗುತ್ತದೆ ಎಂಬ ಹಿಂಜರಿಕೆ ನನಗಿತ್ತು, ಆದರೆ ನಿಜವಾಗಿ ಬೇಕಾದದ್ದು ಮೂರು ನಾಲ್ಕು ಆದೇಶಗಳು ಮಾತ್ರ. ಅವುಗಳಲ್ಲಿ 'ಕಾಪಿ' ಮತ್ತು 'ಸಿಂಕ್' ನಡುವಿನ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. 'ಕಾಪಿ' ಹೊಸದನ್ನು ಸೇರಿಸುತ್ತದೆ, ಬದಲಾದದ್ದನ್ನು ನವೀಕರಿಸುತ್ತದೆ, ಆದರೆ ಏನನ್ನೂ ಅಳಿಸುವುದಿಲ್ಲ. 'ಸಿಂಕ್' ಮಾತ್ರ ಕ್ಲೌಡ್‌ನಲ್ಲಿ ಇಲ್ಲದ್ದನ್ನು ಡಿಸ್ಕಿನಿಂದಲೂ ತೆಗೆದುಹಾಕುತ್ತದೆ, ಎಂದರೆ ನನ್ನನ್ನು ಈ ಕೆಲಸಕ್ಕೆ ಹಚ್ಚಿದ ತಪ್ಪನ್ನೇ ಮತ್ತೆ ಮಾಡುತ್ತದೆ. ನಾನು 'ಕಾಪಿ'ಯನ್ನೇ ಬಳಸಿದೆ. ಅದಕ್ಕೂ ಮೊದಲು 'ಡ್ರೈ ರನ್' ಆಯ್ಕೆಯಿಂದ, ಏನೇನು ನಡೆಯಲಿದೆ ಎಂಬ ಪಟ್ಟಿಯನ್ನಷ್ಟೇ ಪಡೆದು ಓದಿದೆ.

100 ಎಂಬಿಪಿಎಸ್ ಸಂಪರ್ಕದಲ್ಲಿ 1,080 ಜಿಬಿ ಇಳಿಯಲು ಲೆಕ್ಕದ ಪ್ರಕಾರ ಸರಿಯಾಗಿ 24 ಗಂಟೆ ಸಾಕು. ನನಗೆ ಆರು ರಾತ್ರಿಗಳು ಹಿಡಿದವು. ದೊಡ್ಡ ವಿಡಿಯೊಗಳು ಪೂರ್ಣ ವೇಗದಲ್ಲಿ ಬಂದವಾದರೂ, ಲಕ್ಷಗಟ್ಟಲೆ ಇದ್ದ ಸಣ್ಣ ಕಡತಗಳಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಕೋರಿಕೆ ಹೋಗಿ ಬರಬೇಕಾದ್ದರಿಂದ ಅಲ್ಲಿ ವೇಗ ಕುಸಿಯಿತು. ಒಂದು ರಾತ್ರಿಯಂತೂ ಲ್ಯಾಪ್‌ಟಾಪ್ ತಾನೇ ನಿದ್ರೆಗೆ ಜಾರಿ, ಬೆಳಗ್ಗೆ ಎದ್ದು ನೋಡಿದರೆ ಕೆಲಸ ಹದಿನೈದು ನಿಮಿಷವಷ್ಟೇ ನಡೆದಿತ್ತು; ಸ್ಲೀಪ್ ವ್ಯವಸ್ಥೆಯನ್ನು ನಿಲ್ಲಿಸಿರಬೇಕು ಎಂಬುದು ಆಗ ನೆನಪಾಯಿತು. ಅದೇ ಆದೇಶವನ್ನು ಮತ್ತೆ ಕೊಟ್ಟರೆ ಆರ್‌ಕ್ಲೋನ್ ಆಗಲೇ ಬಂದಿರುವ ಕಡತಗಳನ್ನು ಬಿಟ್ಟು ಮುಂದುವರಿಯುತ್ತದೆ.

ನಾನು ಊಹಿಸದಿದ್ದ ತೊಡಕುಗಳು ಹೆಸರುಗಳಿಗೆ ಸಂಬಂಧಿಸಿದವು. ಗೂಗಲ್ ಡ್ರೈವ್‌ನಲ್ಲಿ ಒಂದೇ ಫೋಲ್ಡರಿನೊಳಗೆ ಒಂದೇ ಹೆಸರಿನ ಎರಡು ಕಡತಗಳು ಇರಬಹುದು, ಆದರೆ ಡಿಸ್ಕಿನಲ್ಲಿ ಹಾಗಿರಲು ಸಾಧ್ಯವಿಲ್ಲ. ನನ್ನಲ್ಲಿ 'ಸ್ಕ್ಯಾನ್ 1' ಎಂಬ ಹೆಸರಿನ ಇಂತಹ ಜೋಡಿಗಳು ಹಲವಾರಿದ್ದವು, ಅವುಗಳಲ್ಲಿ ಕೆಲವು ಬೇರೆ ಬೇರೆ ಕಾಗದಗಳೇ ಆಗಿದ್ದವು. ಪ್ರತಿ ಮಾಡುವ ಮುನ್ನ, ಇಂತಹ ಜೋಡಿಗಳನ್ನು ಸರಿಪಡಿಸುವ ಆರ್‌ಕ್ಲೋನ್‌ನ 'ಡಿಡ್ಯೂಪ್' ಆದೇಶದ ಮರುನಾಮಕರಣದ ಆಯ್ಕೆಯಿಂದ ಅವುಗಳಿಗೆ ಬೇರೆ ಬೇರೆ ಹೆಸರು ಕೊಟ್ಟೆ. ಆನ್‌ಲೈನ್ ದಾಖಲೆಗಳನ್ನು ಆರ್‌ಕ್ಲೋನ್ ವರ್ಡ್ ಮತ್ತು ಎಕ್ಸೆಲ್ ರೂಪಕ್ಕೆ ಪರಿವರ್ತಿಸಿ ಇಳಿಸಿತು. ಅಲ್ಲಿ ಬರಹ ಪೂರ್ತಿ ಬಂತಾದರೂ ಹಳೆಯ ಆವೃತ್ತಿಗಳ ಇತಿಹಾಸ ಬರಲಿಲ್ಲ. ಇತರರು ನನ್ನೊಂದಿಗೆ ಹಂಚಿಕೊಂಡಿದ್ದ ಫೋಲ್ಡರುಗಳು ನನ್ನ ಸಂಗ್ರಹದ ಭಾಗವಲ್ಲವಾದ್ದರಿಂದ ಅವನ್ನು ಪ್ರತ್ಯೇಕ ಆಯ್ಕೆಯ ಮೂಲಕ ಇಳಿಸಿಕೊಳ್ಳಬೇಕಾಯಿತು.

ಉಳಿದ 420 ಜಿಬಿ ಗೂಗಲ್ ಫೋಟೋಸ್‌ನಲ್ಲಿತ್ತು. ಅದಕ್ಕೆ, ನಮ್ಮ ಮಾಹಿತಿಯನ್ನು ಒಟ್ಟಾಗಿ ಇಳಿಸಿಕೊಳ್ಳಲು ಗೂಗಲ್ ಕೊಡುವ ಟೇಕ್‌ಔಟ್ ಸೇವೆಯೇ ಸರಿಯಾದ ದಾರಿ. 50 ಜಿಬಿಯ ಜಿಪ್ ಕಡತಗಳನ್ನು ಕೋರಿದೆ, ಒಂಬತ್ತು ಬಂದವು. ಅವುಗಳನ್ನು ಇಳಿಸಿಕೊಳ್ಳುವ ಕೊಂಡಿಗಳು ಸುಮಾರು ಒಂದು ವಾರ ಮಾತ್ರ ಬಳಕೆಗೆ ಸಿಗುವುದರಿಂದ, ಬಿಡುವಿದ್ದಾಗಲೇ ಕೋರಿಕೆ ಸಲ್ಲಿಸುವುದು ಒಳ್ಳೆಯದು. ಮೊದಲ ಬಾರಿ ನಾನು ಕೋರಿ ಸುಮ್ಮನಿದ್ದುಬಿಟ್ಟು, ಎಲ್ಲವನ್ನೂ ಮತ್ತೆ ಕೋರಬೇಕಾಯಿತು. ಬಿಚ್ಚಿ ನೋಡಿದಾಗ ಚಿತ್ರಗಳ ಪಕ್ಕದಲ್ಲಿ ಅವುಗಳ ವಿವರಗಳನ್ನು ಬರಹವಾಗಿ ಹಿಡಿದಿಡುವ ಜೇಸನ್ ಕಡತಗಳೂ ಕಂಡವು. ಕ್ಯಾಮೆರಾದಿಂದ ತೆಗೆದ ಚಿತ್ರಗಳಲ್ಲಿ ದಿನಾಂಕ ಚಿತ್ರದ ಒಳಗೇ ಇರುತ್ತದೆ. ಆದರೆ ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳಿಗೆ ನಾನು ಕೈಯಾರೆ ಕೊಟ್ಟಿದ್ದ ದಿನಾಂಕ ಮತ್ತು ವಿವರಣೆ ಆ ಜೇಸನ್ ಕಡತಗಳಲ್ಲಿ ಮಾತ್ರ ಇದ್ದವು. ಅವನ್ನು ಕಸವೆಂದು ಅಳಿಸಿದ್ದರೆ ಅಜ್ಜಿಯ ಮದುವೆಯ ಚಿತ್ರ ಈ ವರ್ಷದ ಫೋಲ್ಡರಿನಲ್ಲಿ ಕೂರುತ್ತಿತ್ತು. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಬಳಸಿ ಆ ದಿನಾಂಕಗಳನ್ನು ಚಿತ್ರಗಳೊಳಗೆ ಬರೆಸಿದೆ, ಮೂಲ ಜಿಪ್‌ಗಳನ್ನೂ ಹಾಗೆಯೇ ಉಳಿಸಿಕೊಂಡೆ.

ಇಷ್ಟಾದ ಮೇಲೂ ನಾನು ಅದನ್ನು ಬ್ಯಾಕಪ್ ಎಂದು ಒಪ್ಪಲಿಲ್ಲ, ಏಕೆಂದರೆ ಮೊದಲ ಪ್ರಯತ್ನದ 'ಸ್ಕಿಪ್'ಗಳು ಮನಸ್ಸಿನಲ್ಲಿದ್ದವು. ಗೂಗಲ್ ಡ್ರೈವ್ ಪ್ರತಿ ಕಡತದ ಎಂಡಿ5 ಹ್ಯಾಷ್ ಅನ್ನು, ಎಂದರೆ ಒಳಗಿನ ಮಾಹಿತಿಯಿಂದಲೇ ಲೆಕ್ಕ ಹಾಕಿದ ಬೆರಳಚ್ಚಿನಂತಹ ಸಂಖ್ಯೆಯನ್ನು, ಇಟ್ಟುಕೊಂಡಿರುತ್ತದೆ. ಆರ್‌ಕ್ಲೋನ್‌ನ 'ಚೆಕ್' ಆದೇಶ ಡಿಸ್ಕಿನ ಕಡತಗಳನ್ನು ಓದಿ ಅದೇ ಲೆಕ್ಕ ಹಾಕಿ ಎರಡನ್ನೂ ಹೋಲಿಸುತ್ತದೆ; ಏನನ್ನೂ ಮತ್ತೆ ಡೌನ್‌ಲೋಡ್ ಮಾಡಬೇಕಾಗಿಲ್ಲ. ಇಡೀ ಡಿಸ್ಕನ್ನು ಓದಲು ಸುಮಾರು ನಾಲ್ಕು ಗಂಟೆ ಹಿಡಿಯಿತು, 37 ಕಡತಗಳು ಇಲ್ಲವೆಂದು ವರದಿ ಬಂತು. ಅವೆಲ್ಲ ವಿಂಡೋಸ್‌ನ 260 ಅಕ್ಷರಗಳ ಮಿತಿಗಿಂತ ಉದ್ದದ ಹಾದಿಯವಿರಬೇಕು (ಹಾದಿ ಎಂದರೆ ಫೋಲ್ಡರುಗಳ ಹೆಸರೂ ಸೇರಿದ ಕಡತದ ಪೂರ್ಣ ವಿಳಾಸ) ಎಂದು ಊಹಿಸಿದ್ದೆ; ನೋಡಿದರೆ ಸಂಪರ್ಕ ಕಡಿದ ಒಂದು ರಾತ್ರಿ ಬಿಟ್ಟುಹೋದವುಗಳಾಗಿದ್ದವು. ಮತ್ತೊಮ್ಮೆ 'ಕಾಪಿ' ನಡೆಸಿದಾಗ ಬಂದವು. ಪರಿವರ್ತಿತ ದಾಖಲೆಗಳಿಗೆ ಹ್ಯಾಷ್ ಇರುವುದಿಲ್ಲ, ಆದ್ದರಿಂದ ಅವುಗಳಲ್ಲಿ ಐವತ್ತನ್ನು ಕೈಗೆ ಸಿಕ್ಕಂತೆ ತೆರೆದು ನೋಡಿದೆ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರದಂತೆ ಮೂರು ಪ್ರತಿಗಳಿರಬೇಕು, ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ನನ್ನ ವಿಷಯದಲ್ಲಿ ಕ್ಲೌಡ್ ಒಂದು, ಈ ಡಿಸ್ಕ್ ಎರಡು. ಮೂರನೆಯದಾಗಿ ಇನ್ನೊಂದು ಡಿಸ್ಕಿಗೆ ಇದರ ಪ್ರತಿ ತೆಗೆದು ಅಕ್ಕನ ಮನೆಯಲ್ಲಿ ಇರಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ಡಿಸ್ಕನ್ನು ಜೋಡಿಸಿ 'ಕಾಪಿ' ನಡೆಸುವಾಗ 'ಬ್ಯಾಕಪ್ ಡಿರ್' ಆಯ್ಕೆಯನ್ನೂ ಕೊಡುತ್ತೇನೆ; ಬದಲಾದ ಕಡತಗಳ ಹಳೆಯ ರೂಪ ಅಂದಿನ ದಿನಾಂಕದ ಫೋಲ್ಡರಿನಲ್ಲಿ ಉಳಿಯುತ್ತದೆ. ಆಮೇಲೆ 'ಚೆಕ್' ನಡೆಸಿ, ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟು ಬದಲಿಸಲಾದ ಸೆಕ್ಟರುಗಳ, ಎಂದರೆ ಡಿಸ್ಕಿನ ಸಣ್ಣ ಸಣ್ಣ ಭಾಗಗಳ, ಸಂಖ್ಯೆ ಏರಿದೆಯೇ ಎಂದು ನೋಡಿ, ಸುರಕ್ಷಿತವಾಗಿ ಬೇರ್ಪಡಿಸಿ ಎತ್ತಿಡುತ್ತೇನೆ. ಕಳೆದ ಬಾರಿ ವ್ಯತ್ಯಾಸ ಸೊನ್ನೆ ಎಂದು ಬಂತು. ಟೇಕ್‌ಔಟ್‌ನಲ್ಲಿ ವರ್ಷದ ಫೋಲ್ಡರಿಗೊಮ್ಮೆ, ಆಲ್ಬಮ್ಮಿಗೊಮ್ಮೆ ಎಂದು ಎರಡೆರಡು ಸಲ ಬಂದಿರುವ ಚಿತ್ರಗಳನ್ನು ವಿಂಗಡಿಸುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ.