ಡೆಟ್ರಾಯ್ಟ್‌ನಲ್ಲಿ ಬೌಲಿಂಗ್ ಲೀಗೊಂದನ್ನು ಮತ್ತೆ ಕಟ್ಟಿದ ಬಗೆ: ನನ್ನ ಅನುಭವ

ಡೆಟ್ರಾಯ್ಟ್ ಹೊರವಲಯದ ಒಂದು ಬೌಲಿಂಗ್ ಸೆಂಟರಿನಲ್ಲಿ ಗುರುವಾರ ಸಂಜೆ ನಡೆಯುವ ಲೀಗಿಗೆ, ಅಂದರೆ ತಂಡಗಳು ವಾರವಾರ ಸೇರಿ ಆಡುವ ಪಂದ್ಯಾವಳಿಗೆ, ನಾನು ಹಲವು ವರ್ಷಗಳಿಂದ ಸೆಕ್ರೆಟರಿಯಾಗಿದ್ದೇನೆ. ಚೆಂಡು ಉರುಳಿಸಿ ಬಾಟಲಿಯಾಕಾರದ ಹತ್ತು ಪಿನ್ನುಗಳನ್ನು ಬೀಳಿಸುವ ಈ ಆಟ, ಟೆನ್‌ಪಿನ್ ಬೌಲಿಂಗ್, ವೃತ್ತಿಪರ ಮಟ್ಟದಲ್ಲಿ ಅಮೆರಿಕದಲ್ಲಿ ಏಕೆ ಸೊರಗಿತು ಎಂದು ಕೇಳಿದರೆ ಟಿ.ವಿ. ಪ್ರಸಾರ, ಬಹುಮಾನದ ಮೊತ್ತ, ಪ್ರಾಯೋಜಕರು ಎಂದು ಉತ್ತರಿಸುವವರೇ ಹೆಚ್ಚು. ಅವೆಲ್ಲ ನಿಜವೇ ಆದರೂ ನಾನು ಹತ್ತಿರದಿಂದ ಕಂಡ ಕಾರಣ ಬೇರೆ. ಶನಿವಾರ ಮಧ್ಯಾಹ್ನ ಟಿ.ವಿ. ಮುಂದೆ ಕುಳಿತು ವೃತ್ತಿಪರರ ಆಟ ನೋಡುತ್ತಿದ್ದವರು ವಾರದ ನಡುವೆ ತಾವೇ ಲೀಗಿನಲ್ಲಿ ಚೆಂಡು ಎಸೆಯುತ್ತಿದ್ದವರು. ಲೀಗುಗಳು ಕರಗಿದಂತೆ ನೋಡುಗರೂ ಕರಗಿದರು. ಆದ್ದರಿಂದ ವೃತ್ತಿಪರ ಆಟಕ್ಕೆ ಜೀವ ಬರಬೇಕಾದರೆ ಲೀಗಿಗೆ ಮೊದಲು ಜೀವ ಬರಬೇಕು ಎಂದು ನಂಬಿ ಮಾಡಿದ ಕೆಲಸದ ವಿವರ ಇದು.

ಓಹಾಯೋದ ಆಕ್ರನ್ ನಗರದ ವಕೀಲ ಎಡ್ಡಿ ಎಲಿಯಾಸ್ 1958ರಲ್ಲಿ ವೃತ್ತಿಪರ ಬೌಲರ್‌ಗಳ ಸಂಘವಾದ ಪಿಬಿಎಯನ್ನು ಕಟ್ಟಿದರು. 1962ರಿಂದ 1997ರವರೆಗೆ ಎಬಿಸಿ ವಾಹಿನಿಯಲ್ಲಿ ಅದರ ಪಂದ್ಯಗಳು ಬಂದವು. 1964ರಲ್ಲಿ ಬೌಲರ್ ಡಾನ್ ಕಾರ್ಟರ್ ಬೌಲಿಂಗ್ ಚೆಂಡು ತಯಾರಿಸುವ ಎಬೊನೈಟ್ ಕಂಪನಿಯೊಂದಿಗೆ ಹತ್ತು ಲಕ್ಷ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದಾಗ ಬೇರೆ ಆಟಗಳ ತಾರೆಯರಿಗೂ ಅಂಥ ಮೊತ್ತ ಕನಸಾಗಿತ್ತು. 1975ರಲ್ಲಿ ಅರ್ಲ್ ಆಂಥೊನಿ ಒಂದೇ ಋತುವಿನಲ್ಲಿ ಲಕ್ಷ ಡಾಲರ್ ದಾಟಿದ ಮೊದಲ ಬೌಲರ್ ಆದರು. ಈ ವೈಭವಕ್ಕೆ ಆಧಾರವಾಗಿದ್ದದ್ದು ಲೀಗಿನ ಜನ. 1970ರ ದಶಕದ ಕೊನೆಗೆ ಪುರುಷರ ಮತ್ತು ಮಹಿಳೆಯರ ಬೌಲಿಂಗ್ ಸಂಸ್ಥೆಗಳಲ್ಲಿ ಒಟ್ಟು 90 ಲಕ್ಷದಷ್ಟು ಸದಸ್ಯರಿದ್ದರು. ಅವೆರಡೂ ಇನ್ನೆರಡು ಸಂಸ್ಥೆಗಳೊಂದಿಗೆ ಸೇರಿ 2005ರಲ್ಲಿ ರೂಪುಗೊಂಡ ರಾಷ್ಟ್ರೀಯ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿಯ ಸದಸ್ಯರು ಈಗ ಸುಮಾರು 10 ಲಕ್ಷ.

ನಮ್ಮ ಡೆಟ್ರಾಯ್ಟ್ ಈ ಲೀಗುಗಳ ದೊಡ್ಡ ನೆಲೆಯಾಗಿತ್ತು. ಕಾರ್ಖಾನೆಯ ಪಾಳಿಗೆ ತಕ್ಕಂತೆ ಲೀಗಿನ ಹೊತ್ತು ಗೊತ್ತಾಗುತ್ತಿತ್ತು. ಎರಡನೆಯ ಪಾಳಿ ಮುಗಿಸಿದವರು ನಡುರಾತ್ರಿಯಲ್ಲೂ ಆಡುತ್ತಿದ್ದರು. ಬಿಳಿಯರಲ್ಲದವರನ್ನು ಪುರುಷರ ಸಂಸ್ಥೆಯಾದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ 1950ರವರೆಗೆ ಹೊರಗಿಟ್ಟಿದ್ದಾಗ, ಕಪ್ಪು ಬೌಲರ್‌ಗಳು 1939ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡದ್ದೂ ಇದೇ ಊರಿನಲ್ಲಿ. ಬಾಗಿಲು ಹಾಕಿದಾಗಲೂ ಇನ್ನೊಂದು ಬಾಗಿಲು ತೆರೆದು ಆಡುವಷ್ಟು ಈ ಆಟ ಜನರಿಗೆ ಬೇಕಾಗಿತ್ತು ಎಂಬುದನ್ನು ನಾನು ಇಂದಿಗೂ ಹೊಸ ಸದಸ್ಯರಿಗೆ ಹೇಳುತ್ತೇನೆ. ಕಾರ್ಖಾನೆಗಳು ಮುಚ್ಚಿ, ಪಾಳಿಗಳು ಬದಲಾಗಿ, ಜನ ಚದುರಿದ ಮೇಲೆ ಸೆಂಟರ್ ಮಾಲೀಕರು ಹುಟ್ಟುಹಬ್ಬದ ಪಾರ್ಟಿಗಳ ಕಡೆಗೂ ಗಂಟೆ ಲೆಕ್ಕದ ಬಾಡಿಗೆಯ ಕಡೆಗೂ ವಾಲಿದರು. ಅವರನ್ನು ದೂರುವುದು ನ್ಯಾಯವಲ್ಲ. ಲೀಗಿನವರು ವಾರವಾರ ಕೊಡುವ ಕಡಿಮೆ ಶುಲ್ಕಕ್ಕಿಂತ ಪಾರ್ಟಿಯ ಗಳಿಕೆ ಹೆಚ್ಚು.

ನಾನು ಜವಾಬ್ದಾರಿ ವಹಿಸಿಕೊಂಡಾಗ ಲೀಗಿನಲ್ಲಿ ಉಳಿದಿದ್ದವರು ಬಹುತೇಕ ನಿವೃತ್ತರು. ಹೊಸಬರನ್ನು ಕರೆದರೆ ಎಲ್ಲರದೂ ಒಂದೇ ಮಾತು: ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಮೂವತ್ತಕ್ಕೂ ಹೆಚ್ಚು ವಾರ ತಪ್ಪದೆ ಬರಲು ಸಾಧ್ಯವಿಲ್ಲ. ಆದ್ದರಿಂದ ಋತುವನ್ನು ಹನ್ನೆರಡು ವಾರಗಳಿಗೆ ಇಳಿಸಿದೆವು. ಮೂವರ ತಂಡಕ್ಕೆ ನಾಲ್ಕನೆಯವರ ಹೆಸರನ್ನೂ ಬರೆಸಿಕೊಂಡು, ಯಾರಿಗೆ ಬಿಡುವಿದೆಯೋ ಅವರು ಆಡಲಿ ಎಂದೆವು. ಸಂಜೆಯ ಮೂರು ಆಟಗಳಲ್ಲಿ ಒಂದನ್ನು ಬೇಕರ್ ಪದ್ಧತಿಗೆ ಬದಲಿಸಿದೆವು. ಅದರಲ್ಲಿ ತಂಡದವರೆಲ್ಲ ಸೇರಿ ಒಂದೇ ಆಟ ಆಡುತ್ತಾರೆ, ಆಟದ ಹತ್ತು ಸುತ್ತುಗಳು, ಅಂದರೆ ಫ್ರೇಮುಗಳು, ಸರದಿಯಂತೆ ಹಂಚಿಹೋಗುತ್ತವೆ. ಒಬ್ಬರು ಬಿಟ್ಟ ಪಿನ್ನು ಎಲ್ಲರ ಲೆಕ್ಕಕ್ಕೆ ಬರುವುದರಿಂದ ಮೊಬೈಲ್ ನೋಡುತ್ತ ಕೂರುವವರೇ ಇಲ್ಲ. ಇಲ್ಲಿನ ಹೈಸ್ಕೂಲು ತಂಡಗಳೂ ಈ ಪದ್ಧತಿಯಲ್ಲಿ ಆಡುವುದರಿಂದ ಮಕ್ಕಳಿಗೆ ಅದು ಮೊದಲೇ ಗೊತ್ತಿತ್ತು, ದೊಡ್ಡವರಿಗೆ ಕಲಿಸಿದವರು ಅವರೇ.

ಆದರೆ ನನ್ನ ಪಾಲಿಗೆ ಮುಖ್ಯವಾದದ್ದು ಎಣ್ಣೆಯ ವಿಷಯ, ಮತ್ತು ವೃತ್ತಿಪರ ಆಟದ ಕಷ್ಟವೆಲ್ಲ ಅಡಗಿರುವುದು ಅಲ್ಲೇ. ಎಸೆಯುವವರು ದಾಟಬಾರದ ಗೆರೆಯಾದ ಫೌಲ್ ಲೈನಿನಿಂದ ಎಲ್ಲಕ್ಕೂ ಮುಂದೆ ನಿಂತ ಪಿನ್ನಿನವರೆಗೆ, ಚೆಂಡು ಉರುಳುವ ಹಾದಿಯಾದ ಲೇನಿನ ಉದ್ದ 60 ಅಡಿ, ಅಡ್ಡಕ್ಕೆ 39 ಪಟ್ಟಿಗಳು. ಮೊದಲ ಸುಮಾರು 40 ಅಡಿಗೆ ಯಂತ್ರ ಎಣ್ಣೆ ಬಳಿಯುತ್ತದೆ, ಉಳಿದದ್ದು ಒಣ. ಸಾಮಾನ್ಯ ಸೆಂಟರುಗಳಲ್ಲಿ ಹಾಕುವ ಹೌಸ್ ಶಾಟ್ ಎಂಬ ಎಣ್ಣೆಯ ವಿನ್ಯಾಸದಲ್ಲಿ ಅಂಚಿಗಿಂತ ನಡುವೆ ಎಂಟು-ಹತ್ತು ಪಟ್ಟು ಎಣ್ಣೆ ಇರುತ್ತದೆ. ಚೆಂಡು ಹೊರಗೆ ಹೋದರೆ ಒಣ ಅಂಚು ಅದನ್ನು ಹಿಡಿದು ಒಳಕ್ಕೆ ತಿರುಗಿಸುತ್ತದೆ, ಒಳಗೆ ಹೋದರೆ ಎಣ್ಣೆಯ ಮೇಲೆ ಜಾರಿ ತಿರುಗದೆ ಉಳಿಯುತ್ತದೆ. ಹೇಗೆ ತಪ್ಪಿದರೂ ಅದು ಎಲ್ಲ ಪಿನ್ನುಗಳೂ ಬೀಳಲು ತಾಗಬೇಕಾದ ಜಾಗಕ್ಕೇ, ಅಂದರೆ ಪಾಕೆಟ್‌ಗೇ, ಬರುತ್ತದೆ. 1990ರ ದಶಕದ ಆರಂಭದಲ್ಲಿ ಬಂದ, ಲೇನನ್ನು ಬಲವಾಗಿ ಹಿಡಿದು ತಿರುಗುವ ರಿಯಾಕ್ಟಿವ್ ರೆಸಿನ್ ಚೆಂಡುಗಳು ಇದಕ್ಕೆ ಸೇರಿಕೊಂಡ ಮೇಲೆ, ಹಿಂದೆ ಪತ್ರಿಕೆಯ ಸುದ್ದಿಯಾಗುತ್ತಿದ್ದ, ಗರಿಷ್ಠ ಅಂಕವಾದ 300ರ ಪೂರ್ಣ ಆಟ ಸೆಂಟರ್ ಗೋಡೆಯ ಮೇಲಿನ ಇನ್ನೊಂದು ಹೆಸರಷ್ಟೇ ಆಯಿತು. ವೃತ್ತಿಪರರು ಆಡುವ ಎಣ್ಣೆಯ ವಿನ್ಯಾಸಗಳಲ್ಲಿ, ಅಂದರೆ ಪ್ಯಾಟರ್ನ್‌ಗಳಲ್ಲಿ, ನಡುವಿನ ಎಣ್ಣೆ ಸಾಮಾನ್ಯವಾಗಿ ಅಂಚಿನದಕ್ಕಿಂತ ಮೂರ್ನಾಲ್ಕು ಪಟ್ಟು ಮೀರುವುದಿಲ್ಲ, ಒಂದೆರಡು ಪಟ್ಟಿ ತಪ್ಪಿದರೂ ಚೆಂಡು ದಾರಿ ತಪ್ಪುತ್ತದೆ. ಟಿ.ವಿ.ಯಲ್ಲಿ ಈ ವ್ಯತ್ಯಾಸ ಕಾಣಿಸದ ಕಾರಣ, ವೃತ್ತಿಪರರು 210 ಗಳಿಸಿದಾಗ ಮನೆಯಲ್ಲಿ ಕುಳಿತವರು ಅದನ್ನು ನಾವೂ ಹೊಡೆಯುತ್ತೇವೆ ಎಂದುಕೊಳ್ಳುತ್ತಾರೆ. ಪಿಚ್ಚಿನಲ್ಲಿ ಬಿರುಕು ಬಿಟ್ಟಿದೆ ಎಂದರೆ ಕ್ರಿಕೆಟ್ ನೋಡುವ ನಮ್ಮ ಊರಿನ ಹುಡುಗನಿಗೆ ಬೇರೇನೂ ವಿವರಿಸಬೇಕಿಲ್ಲ. ಬೌಲಿಂಗ್ ನೋಡುವವರಿಗೆ ಆ ತಿಳಿವಳಿಕೆಯನ್ನು ಯಾರೂ ಕೊಡಲೇ ಇಲ್ಲ.

ಮಾಲೀಕರೊಂದಿಗೆ ಮಾತಾಡಿ, ಪ್ರತಿ ಋತುವಿನ ಕೊನೆಯ ಮೂರು ವಾರ ವೃತ್ತಿಪರರ ಬಗೆಯ ಎಣ್ಣೆ, ಅಂದರೆ ಸ್ಪೋರ್ಟ್ ಪ್ಯಾಟರ್ನ್, ಹಾಕಿಸಲು ಒಪ್ಪಿಸಿದೆ. ಅದಕ್ಕೂ ಮೊದಲು ಒಂದು ಸಂಜೆ, ಪಿಬಿಎ ಕೆಲವು ಪ್ರಸಾರಗಳಲ್ಲಿ ಮಾಡಿದ್ದಂತೆ, ನಮ್ಮ ಮೆಕ್ಯಾನಿಕ್ ಎಣ್ಣೆಗೆ ನೀಲಿ ಬಣ್ಣ ಬೆರೆಸಿ ಅಕ್ಕಪಕ್ಕದ ಎರಡು ಲೇನುಗಳಿಗೆ ಎರಡು ಬಗೆಯಲ್ಲಿ ಬಳಿದರು. ಒಂದರಲ್ಲಿ ನಡುವೆ ದಟ್ಟ ನೀಲಿ, ಅಂಚಿನಲ್ಲಿ ಬರಿಯ ಮರದ ಬಣ್ಣ. ಇನ್ನೊಂದರಲ್ಲಿ ಅಂಚಿನಿಂದ ಅಂಚಿಗೆ ಹೆಚ್ಚುಕಡಿಮೆ ಒಂದೇ ನೀಲಿ. ಹತ್ತು ಹದಿನೈದು ಎಸೆತವಾದ ಮೇಲೆ ನೀಲಿಯಲ್ಲಿ ಚೆಂಡು ಓಡಿದ ಜಾಡು ತೆಳುವಾಗಿ ತೆರೆದುಕೊಂಡಿತು. ಇಲ್ಲಿನ ಕನ್ನಡ ಕೂಟದ ಒಂದು ಕುಟುಂಬದೊಂದಿಗೆ ಬಂದಿದ್ದ ಹುಡುಗ ಹಿಂತಿರುಗಿದ ಚೆಂಡನ್ನು ಎತ್ತಿ ಅದರ ಮೇಲಿನ ನೀಲಿ ಬಳೆಗಳನ್ನು ಎಣಿಸುತ್ತ, “ಆಂಟಿ, ಪ್ರತಿ ಸಲ ಉರುಳಿದಾಗಲೂ ಬೇರೆ ಜಾಗ ತಾಗಿದೆಯಲ್ಲ, ಯಾಕೆ?” ಎಂದು ಕೇಳಿದ. ಚೆಂಡಿನ ಒಳಗಿನ ತೂಕದ ದಿಂಡು ಸಮನಾಗಿಲ್ಲದ ಕಾರಣ ಅದು ಸುತ್ತುವ ಅಕ್ಷ ದಾರಿಯಲ್ಲೇ ಸರಿಯುತ್ತದೆ, ಹಾಗಾಗಿ ಪ್ರತಿ ಸುತ್ತಿಗೂ ಎಣ್ಣೆಯಿಲ್ಲದ ಹೊಸ ಮೈ ಲೇನಿಗೆ ತಾಗಿ ಹಿಡಿತ ಸಿಗುತ್ತದೆ ಎಂದು ವಿವರಿಸಿದೆ. ಎರಡು ಎಸೆತಗಳ ನಡುವೆ ಚೆಂಡನ್ನು ಟವೆಲಿನಿಂದ ಒರೆಸುವುದು ಏಕೆಂದು ಅಲ್ಲಿದ್ದ ದೊಡ್ಡವರಿಗೂ ಆಗಲೇ ತಿಳಿದದ್ದು.

ಹಳೆಯ ಸದಸ್ಯರಲ್ಲಿ ಕೆಲವರು ಸ್ಪೋರ್ಟ್ ಪ್ಯಾಟರ್ನನ್ನು ಬಲವಾಗಿ ವಿರೋಧಿಸಿದರು. ಸರಾಸರಿ ಇಳಿಯುತ್ತದೆ ಎಂಬ ಅವರ ಆತಂಕ ಸಹಜವಾದದ್ದು; ವರ್ಷಗಟ್ಟಲೆ ಕಷ್ಟಪಟ್ಟು ಕಾಪಾಡಿಕೊಂಡ ಅಂಕಿ ಅದು. ಆ ಮೂರು ವಾರಗಳಿಗೆ ಬೇರೆಯೇ ಸರಾಸರಿ ಇಟ್ಟು, ಕಡಿಮೆ ಸರಾಸರಿಯವರಿಗೆ ಕೊಡುವ ಹೆಚ್ಚುವರಿ ಅಂಕವಾದ ಹ್ಯಾಂಡಿಕ್ಯಾಪನ್ನೂ ಅದರಿಂದಲೇ ಲೆಕ್ಕ ಹಾಕಿದಾಗ ವಿರೋಧ ಬಹುಮಟ್ಟಿಗೆ ತಣ್ಣಗಾಯಿತು. ಇಬ್ಬರು ಬಿಟ್ಟುಹೋದರು, ಅವರ ಕೊರತೆ ಈಗಲೂ ಇದೆ.

ಆ ವಾರಗಳಲ್ಲಿ ಆಡಿದವರಿಗೆ ಟಿ.ವಿ.ಯ ಆಟ ಬೇರೆಯಾಗಿ ಕಾಣಿಸತೊಡಗಿತು. ಪಿಬಿಎ ಫೈನಲ್ ಇರುವ ಭಾನುವಾರಗಳಲ್ಲಿ ಸೆಂಟರಿನ ದೊಡ್ಡ ಪರದೆಯ ಮುಂದೆ ಸೇರುತ್ತೇವೆ. ಎರಡು ಕೈಯಲ್ಲಿ ಎಸೆದು 15 ಪ್ರಮುಖ ಪ್ರಶಸ್ತಿ ಗೆದ್ದ ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟಿ ಚೆಂಡು ಬದಲಿಸಿದ ಕೂಡಲೇ, ಯಾವ ಪಟ್ಟಿಯ ಎಣ್ಣೆ ಒಣಗಿರಬಹುದು ಎಂದು ನಮ್ಮವರು ತಮ್ಮತಮ್ಮಲ್ಲೇ ವಾದಿಸುತ್ತಾರೆ. ಬೆಲ್ಮಾಂಟಿಯನ್ನು ನೋಡಿ ಎರಡು ಕೈಯಲ್ಲಿ ಎಸೆಯುವ ಮಕ್ಕಳನ್ನು ಹಿರಿಯರು ತಿದ್ದಲು ಹೊರಟಾಗ ನಾನು ತಡೆದಿದ್ದೇನೆ, ಏಕೆಂದರೆ ಆ ಮಕ್ಕಳನ್ನು ಸೆಂಟರಿಗೆ ಕರೆತಂದದ್ದೇ ಆ ಶೈಲಿ. ಹೆಣ್ಣುಮಕ್ಕಳಿಗೆ ಕೆಲ್ಲಿ ಕ್ಯೂಲಿಕ್ ಪುರುಷರೆಲ್ಲರನ್ನೂ ಸೋಲಿಸಿ ಗೆದ್ದ 2010ರ ಟೂರ್ನಮೆಂಟ್ ಆಫ್ ಚಾಂಪಿಯನ್ಸ್ ಪಂದ್ಯವನ್ನು ತೋರಿಸುತ್ತೇನೆ. 2003ರಲ್ಲಿ ನಿಂತುಹೋದ ಮಹಿಳೆಯರ ವೃತ್ತಿಪರ ಪಂದ್ಯಗಳ ಸರಣಿಯಾದ ಟೂರ್ 2015ರಲ್ಲಿ ಮತ್ತೆ ಶುರುವಾಗಿದೆ, ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ 2004ರಿಂದ ಮಹಿಳಾ ಬೌಲಿಂಗ್ ಚಾಂಪಿಯನ್‌ಷಿಪ್ ನಡೆಸುತ್ತಿದೆ, ಕಾಲೇಜಿನಲ್ಲಿ ವಿದ್ಯಾರ್ಥಿವೇತನಕ್ಕೂ ದಾರಿಯಿದೆ ಎಂದು ತಂದೆತಾಯಿಯರಿಗೆ ಹೇಳುವುದೂ ಸೆಕ್ರೆಟರಿಯ ಕೆಲಸವೇ ಎಂದು ಭಾವಿಸಿದ್ದೇನೆ.

ಪಿಬಿಎ 2000ದಲ್ಲಿ ಮೈಕ್ರೋಸಾಫ್ಟ್‌ನ ಮಾಜಿ ಅಧಿಕಾರಿಗಳ ಕೈಗೂ 2019ರಲ್ಲಿ ಬೌಲೆರೊ ಕಂಪನಿಯ ಕೈಗೂ ಹೋಯಿತು. ಒಡೆತನ ಯಾರದೇ ಇರಲಿ, ಅವರಲ್ಲಿ ನನ್ನ ಕೋರಿಕೆ ಇಷ್ಟು: ಪ್ರತಿ ಪ್ರಸಾರದಲ್ಲೂ ಎಣ್ಣೆಯ ನಕ್ಷೆಯನ್ನು ಎಸೆತದ ಜೊತೆಯಲ್ಲೇ ತೋರಿಸಿ, ಮತ್ತು ಟೂರ್ ಹೋದ ಊರಿನ ಲೀಗುಗಳಿಗೆ ಅದೇ ಪ್ಯಾಟರ್ನಿನ ಮೇಲೆ ಒಂದು ಸಂಜೆ ಆಡಲು ಕೊಡಿ.

ಈಗ ನಮ್ಮ ಮುಂದಿರುವ ಪ್ರಶ್ನೆ ದಾರ ಕಟ್ಟಿದ ಪಿನ್ನುಗಳದ್ದು. ಬಿದ್ದ ಪಿನ್ನುಗಳನ್ನು ದಾರದಿಂದ ಎಳೆದು ಮತ್ತೆ ನಿಲ್ಲಿಸುವ ಆ ಯಂತ್ರಗಳಿಗೆ ವಿದ್ಯುತ್ತೂ ಮೆಕ್ಯಾನಿಕ್ ಖರ್ಚೂ ಕಡಿಮೆ ಎಂದು ಹಲವು ಮಾಲೀಕರು ಬದಲಾಯಿಸುತ್ತಿದ್ದಾರೆ, ಯುಎಸ್‌ಬಿಸಿ 2023ರಲ್ಲಿ ಅದಕ್ಕೆ ಪ್ರತ್ಯೇಕ ವರ್ಗವಾಗಿ ಮಾನ್ಯತೆಯನ್ನೂ ಕೊಟ್ಟಿದೆ. ದಾರವಿದ್ದಾಗ ಪಿನ್ನುಗಳು ಉರುಳಿ ಒಂದನ್ನೊಂದು ಬೀಳಿಸುವ ಬಗೆಯೇ ಬೇರೆಯಾಗುತ್ತದೆ. ವೃತ್ತಿಪರರ ಆಟಕ್ಕೂ ನಮ್ಮ ಆಟಕ್ಕೂ ನಡುವೆ ಇನ್ನೊಂದು ಅಂತರ ಬೀಳುವುದು ನನಗೆ ಬೇಡ. ಲೀಗಿಗೆ ಮೀಸಲಾದ ಲೇನುಗಳಲ್ಲಿ ಹಳೆಯ ಯಂತ್ರಗಳನ್ನೇ ಉಳಿಸಿಕೊಳ್ಳಲು ನಮ್ಮ ಮಾಲೀಕರು ಒಂದು ಷರತ್ತಿನ ಮೇಲೆ ಒಪ್ಪಿದ್ದಾರೆ: ಗುರುವಾರದ ಜೊತೆಗೆ ಮಂಗಳವಾರದ ಸಂಜೆಯನ್ನೂ ನಾವು ತುಂಬಿಸಬೇಕು. ಮಂಗಳವಾರದ ತಂಡಗಳಿಗೆ ಹೆಸರು ಬರೆಸಿಕೊಳ್ಳುವ ಕೆಲಸ ಈಗ ನಡೆದಿದೆ.